ಸೆಕೆಂಡಿಗೆ 100 ಗ್ರಾಂ: ಮಂಗಳನ ಗಾಳಿ ಹೋದ ಲೆಕ್ಕ

ಸೌರ ಮಾರುತ, ಅಂದರೆ ಸೂರ್ಯನಿಂದ ಸದಾ ಹೊಮ್ಮುವ ಕಣಗಳ ಹರಿವು, ಮಂಗಳನ ವಾತಾವರಣದಿಂದ ಸೆಕೆಂಡಿಗೆ ಸುಮಾರು 100 ಗ್ರಾಂ ಅನಿಲವನ್ನು ಬಾಹ್ಯಾಕಾಶಕ್ಕೆ ಎಳೆದೊಯ್ಯುತ್ತಿದೆ. ನಾಸಾದ ಮೇವನ್ ನೌಕೆಯ ಅಳತೆಯಿಂದ 2015ರಲ್ಲಿ ಸಿಕ್ಕ ಅಂಕಿ ಇದು. ಇದನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಪೆನ್ನು ಹಿಡಿಯಿರಿ.

ದಿನಕ್ಕೆ 86,400 ಸೆಕೆಂಡು. ಅಂದರೆ ದಿನಕ್ಕೆ ಎಂಟೂವರೆ ಟನ್ನಿಗೂ ಜಾಸ್ತಿ. ದೊಡ್ಡ ಸೋರಿಕೆ ಅನಿಸುತ್ತದೆ, ಅಲ್ವಾ? ಆದರೆ ಮಂಗಳನಲ್ಲಿ ಈಗ ಉಳಿದಿರುವ ತೆಳು ಗಾಳಿಯೇ ಸುಮಾರು 25 ಲಕ್ಷ ಕೋಟಿ ಟನ್. ಇದೇ ವೇಗದಲ್ಲಿ ಅದು ಖಾಲಿಯಾಗಲು 800 ಕೋಟಿ ವರ್ಷ ಬೇಕು. ಮಂಗಳನ ವಯಸ್ಸೇ ಸುಮಾರು 450 ಕೋಟಿ! ಹಿಂದೆ ಅಲ್ಲಿ ನದಿಗಳು ಹರಿದ ಗುರುತುಗಳಿವೆ, ಅಂದರೆ ಗಾಳಿ ದಪ್ಪಗಿತ್ತು. ಈ ತೊಟ್ಟಿಕ್ಕುವಿಕೆ ಒಂದರಿಂದಲೇ ಅದು ಹೋಗಿರಲಾರದು.

ಸೌರ ಬಿರುಗಾಳಿ ಬೇಕಾಗುವುದು ಇಲ್ಲೇ. 2015ರ ಮಾರ್ಚ್‌ನಲ್ಲಿ ಸೂರ್ಯ ಉಗುಳಿದ ಪ್ಲಾಸ್ಮಾ (ವಿದ್ಯುದಾವೇಶವಿರುವ ಬಿಸಿ ಅನಿಲ) ಮೋಡವೊಂದು ಮಂಗಳನಿಗೆ ಬಡಿಯಿತು. ಆಗ ಸೋರಿಕೆ ಹತ್ತು ಪಟ್ಟು ಅಥವಾ ಇನ್ನೂ ಜಾಸ್ತಿ ಆಗಿರಬೇಕೆಂದು ಅಂದಾಜು. ಎಳೆ ವಯಸ್ಸಿನ ಸೂರ್ಯ ಇಂಥ ಬಿರುಗಾಳಿಗಳನ್ನು ಪದೇ ಪದೇ ಎಬ್ಬಿಸುತ್ತಿದ್ದ. ಅವನ ಅತಿನೇರಳೆ ಕಿರಣವೂ ಆಗ ಜೋರಾಗಿತ್ತು.

ಗಾಳಿ ಕಿತ್ತುಹೋಗುವ ಒಂದು ಬಗೆಗೆ ಸ್ಪಟರಿಂಗ್ ಎಂದು ಹೆಸರು. ಕೇರಂ ಬೋರ್ಡ್ ನೆನೆಸಿಕೊಳ್ಳಿ. ಸೌರ ಮಾರುತ ಎತ್ತಿಕೊಂಡ ಅಯಾನುಗಳಲ್ಲಿ (ವಿದ್ಯುದಾವೇಶವಿರುವ ಕಣಗಳಲ್ಲಿ) ಕೆಲವು ತಿರುಗಿ ಬಂದು ವಾತಾವರಣದ ಮೇಲ್ಪದರಕ್ಕೆ ಸ್ಟ್ರೈಕರ್‌ನಂತೆ ಹೊಡೆಯುತ್ತವೆ. ಅಲ್ಲಿದ್ದ ಪರಮಾಣುಗಳು ಬೋರ್ಡಿನಾಚೆಗೆ ಹಾರುತ್ತವೆ. ಇದನ್ನು ಅಳೆಯಲು ಆರ್ಗಾನ್ ಒಳ್ಳೆಯ ಸಾಕ್ಷಿ. ಅದು ಕಲ್ಲಿನ ಜೊತೆ ಬೆರೆಯುವುದಿಲ್ಲ, ಹಾಗಾಗಿ ಹೋದರೆ ಹೀಗೇ ಹೋಗಬೇಕು. ಆರ್ಗಾನ್ ಪರಮಾಣುಗಳಲ್ಲಿ ಹಗುರ, ಭಾರ ಎಂಬ ಬಗೆಗಳಿವೆ. ಹಗುರವಾದ ಆರ್ಗಾನ್-36 ಎತ್ತರದಲ್ಲಿ ಜಾಸ್ತಿ ಇರುವುದರಿಂದ ಅದೇ ಮೊದಲು ಖಾಲಿಯಾಗುತ್ತದೆ. ಭಾರವಾದ ಆರ್ಗಾನ್-38ರ ಜೊತೆ ಅದರ ಪ್ರಮಾಣ ಹೋಲಿಸಿ, ಮಂಗಳನ ಆರ್ಗಾನ್‌ನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೋಗಿದೆ ಎಂದು 2017ರಲ್ಲಿ ಲೆಕ್ಕ ಹಾಕಿದರು. (ಮೇವನ್ ತಲುಪಿದ ಎರಡೇ ದಿನಕ್ಕೆ ಅಲ್ಲಿಗೆ ಹೋದ ನಮ್ಮ ಮಂಗಳಯಾನದ ಮೆಂಕಾ ಎಂಬ ಅನಿಲ ಅಳೆಯುವ ಉಪಕರಣವೂ ಮೇಲ್ಪದರದಲ್ಲಿ ಬಿಸಿ ಆರ್ಗಾನ್ ಕಂಡಿತ್ತು. ಬೆಂಗಳೂರಿನಿಂದ ನಡೆಸಿದ ನೌಕೆ ಅದು. ಸುಮ್ನೆ ಹೇಳಿದೆ.)

ಇನ್ನೊಂದು ಬಗೆ ನನಗೆ ತುಂಬ ಇಷ್ಟ. ಆಕ್ಸಿಜನ್ ಅಣುವಿನ ಅಯಾನಿಗೆ ಎಲೆಕ್ಟ್ರಾನ್ ಸಿಕ್ಕರೆ ಅದು ಎರಡು ಪರಮಾಣುಗಳಾಗಿ ಸಿಡಿಯುತ್ತದೆ. ಒಂದೊಂದಕ್ಕೂ ಹೆಚ್ಚೆಂದರೆ 3.5 ಎಲೆಕ್ಟ್ರಾನ್ ವೋಲ್ಟ್ (ಪರಮಾಣುಗಳ ಶಕ್ತಿ ಅಳೆಯುವ ಮಾನ) ಶಕ್ತಿ. ಮಂಗಳನಿಂದ ತಪ್ಪಿಸಿಕೊಳ್ಳಲು ಆಕ್ಸಿಜನ್ ಪರಮಾಣುವಿಗೆ ಸುಮಾರು 2 ಸಾಕು. ಭೂಮಿಯಿಂದಾದರೆ ಸುಮಾರು 10 ಬೇಕು. ಅದೇ ಸಿಡಿತ ಅಲ್ಲಿ ನಷ್ಟ, ಇಲ್ಲಿ ಏನೂ ಇಲ್ಲ.

ಮಂಗಳ ತನ್ನ ಕಾಂತಕ್ಷೇತ್ರ ಕಳೆದುಕೊಂಡಿದ್ದಕ್ಕೇ ಗಾಳಿ ಹೋಯಿತು ಎಂಬ ವಿವರಣೆ ನೀವು ಕೇಳಿರಬಹುದು. ಪರೀಕ್ಷೆಯಲ್ಲಿ 'ಕಾಂತಕ್ಷೇತ್ರ ಹೋಯಿತು, ಗಾಳಿ ಹೋಯಿತು' ಎಂದು ಒಂದೇ ಸಾಲಲ್ಲಿ ಮುಗಿಸಬೇಡಿ. ಶುಕ್ರನಿಗೂ ಸ್ವಂತ ಕಾಂತಕ್ಷೇತ್ರ ಇಲ್ಲ. ಆದರೂ ಅದರ ನೆಲದ ಮೇಲೆ ಗಾಳಿಯ ಒತ್ತಡ ಭೂಮಿಯ ಸುಮಾರು 90 ಪಟ್ಟು. ಗುರುತ್ವದ ಹಿಡಿತವೂ ಲೆಕ್ಕಕ್ಕೆ ಬರುತ್ತದೆ: ಶುಕ್ರನ ವಿಮೋಚನಾ ವೇಗ (ಗುರುತ್ವ ಮೀರಿ ಹೋಗಲು ಬೇಕಾದ ವೇಗ) ಸೆಕೆಂಡಿಗೆ 10 ಕಿಲೋಮೀಟರಿಗೂ ಜಾಸ್ತಿ, ಮಂಗಳನದ್ದು ಬರೀ 5.