‘ಅಂತೆ’ ಇದ್ದಲ್ಲೆಲ್ಲ ಉಪಮೆ ಇರುವುದಿಲ್ಲ

ಮೊನ್ನೆ ಮಡಿಕೇರಿಯಲ್ಲಿ ಒಂದು ಸಮಾರಂಭ. ನಿರೂಪಣೆ ಮಾಡುತ್ತಿದ್ದವರು ಮೈಕ್ ಹಿಡಿದು, "ಒಂದು ಉಪಮೆ ಕೊಡೋದಾದ್ರೆ, ಕೊಡಗು ಕರ್ನಾಟಕದ ಕಾಶ್ಮೀರ" ಅಂದರು. ಹೋಗಲಿ ಅಂತ ಸುಮ್ಮನಾದೆ. ಹತ್ತು ನಿಮಿಷಕ್ಕೆ ಮುಖ್ಯ ಅತಿಥಿಗಳ ಪರಿಚಯ ಬಂತು. "ರೂಪಕದಲ್ಲಿ ಹೇಳಬೇಕಂದ್ರೆ, ಇವರ ಮಾತು ಕೊಡಗಿನ ಜೇನಿನ ಹಾಗೆ." ಎರಡೂ ಅದಲು ಬದಲು. ಊಟದ ಸಾಲಿನಲ್ಲಿ ಸಿಕ್ಕಾಗ ಮೆಲ್ಲಗೆ ಹೇಳಿದೆ. "ಅಯ್ಯೋ, ಎರಡೂ ಒಂದೇ ಅಲ್ವಾ ಸರ್?" ಅಂತ ನಕ್ಕು ಕಡುಬಿನ ಪಾತ್ರೆ ಕಡೆ ನಡೆದರು.

ಒಂದೇ ಆಗಿದ್ದರೆ ಲಕ್ಷ್ಮೀಶನಿಗೆ ‘ಉಪಮಾಲೋಲ’, ಕುಮಾರವ್ಯಾಸನಿಗೆ ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಅಂತ ಬೇರೆ ಬೇರೆ ಬಿರುದು ಯಾಕೆ ಬೇಕಿತ್ತು?

ತಪ್ಪು ಪೂರ್ತಿ ಅವರದ್ದೂ ಅಲ್ಲ. ‘ಅಂತೆ’ ಇದ್ದರೆ ಉಪಮೆ, ಇಲ್ಲದಿದ್ದರೆ ರೂಪಕ ಎಂಬ ಗೈಡು ಪುಸ್ತಕದ ಸೂತ್ರ ಹಿಡಿದು ನಾವೆಲ್ಲ ಹತ್ತನೇ ತರಗತಿ ದಾಟಿದ್ದೇವೆ. ಮಾರ್ಕ್ಸಿಗೆ ಅದು ಸಾಕು. ಆಮೇಲೆ ಸಾಲುವುದಿಲ್ಲ. ಯಾಕೆಂದರೆ ಕನ್ನಡದ ‘ಅಂತೆ’ಯಷ್ಟು ದುಡಿಯುವ ಪದ ಇನ್ನೊಂದಿಲ್ಲ. "ನಾಳೆ ಮಳೆ ಬರುತ್ತದಂತೆ" ಅಂದರೆ ಯಾರೋ ಹೇಳಿದ್ದು ಕಿವಿಗೆ ಬಿತ್ತು. "ಮಳೆ ಬರುವಂತಿದೆ" ಅಂದರೆ ಮೋಡ ನೋಡಿ ನಾನೇ ಊಹಿಸಿದೆ. "ಡಾಕ್ಟರು ಹೇಳಿದಂತೆ ಮಾತ್ರೆ ತಗೊಂಡೆ" ಎನ್ನುವಲ್ಲಿ ಅದು ‘ಪ್ರಕಾರ’. "ಚೆಲ್ಲದಂತೆ ತಗೊಂಡು ಬಾ" ಎನ್ನುವಲ್ಲಿ ಎಚ್ಚರಿಕೆ. ಒಂದರಲ್ಲೂ ಉಪಮೆ ಇಲ್ಲ. ಅತ್ತ ‘ಹಾಲುಬಿಳುಪು’, ‘ಗಿಳಿಹಸಿರು’ ಇಂಥ ಮಾತುಗಳಲ್ಲಿ ಅಂತೆಯೂ ಇಲ್ಲ, ಹಾಗೆಯೂ ಇಲ್ಲ. ಆದರೂ ಅವು ಉಪಮೆಗಳೇ. ಹೋಲಿಕೆಯ ಪದ ಒಳಗೇ ಉಳಿದುಕೊಂಡಿದೆ, ಅಷ್ಟೆ. ಲುಪ್ತೋಪಮೆ ಅನ್ನುವುದು ಇದನ್ನೇ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. "ನಮ್ಮ ರೋಬಸ್ಟಾ ಕಾಫಿ ಈ ಸಲ ಪಕ್ಕದ ತೋಟದ ರೋಬಸ್ಟಾದ ಹಾಗೇ ಕಾಯಿ ಕಟ್ಟಿದೆ." ಇಲ್ಲಿ ನಿಜವಾದ ಹೋಲಿಕೆ ಇದೆ, ಹೋಲಿಕೆಯ ಪದವೂ ಇದೆ. ಉಪಮೆ ಮಾತ್ರ ಇಲ್ಲ. ಎರಡೂ ರೋಬಸ್ಟಾ, ಇದು ಬರೀ ಫಸಲಿನ ಲೆಕ್ಕ. "ಕಾಯಿ ಮಣಿಸರದ ಹಾಗೆ ಕಟ್ಟಿದೆ" ಅನ್ನಿ, ಆಗ ಉಪಮೆ ಬಂತು. 11ನೇ ಶತಮಾನದ ಅಲಂಕಾರಶಾಸ್ತ್ರಜ್ಞ ಮಮ್ಮಟ ಇದನ್ನು ಮೂರೇ ಪದದಲ್ಲಿ ಕಟ್ಟಿಟ್ಟಿದ್ದಾನೆ: ‘ಸಾಧರ್ಮ್ಯಮುಪಮಾ ಭೇದೇ’. ಎರಡೂ ಬೇರೆ ಬೇರೆ ಆಗಿರಬೇಕು, ಗುಣ ಮಾತ್ರ ಕೂಡಬೇಕು. ಜನ ಮರೆಯುವುದು ಆ ಕೊನೆಯ ‘ಭೇದೇ’ಯನ್ನೇ.

ಪದವನ್ನು ಬಿಡಿಸಿದರೂ ಇದೇ ಸಿಗುತ್ತದೆ. ‘ಉಪ’ ಅಂದರೆ ಹತ್ತಿರ, ‘ಮಾ’ ಅಂದರೆ ಅಳೆ. ಪ್ರಮಾಣ, ಪರಿಮಾಣ, ಅನುಮಾನ ಇವುಗಳಲ್ಲಿ ಇರುವುದೂ ಅದೇ ಮಾ. ಹತ್ತಿರ ಇಟ್ಟು ಅಳೆದರೆ ಉಪಮೆ. ಕಣದಲ್ಲಿ ಸೇರು ಹಿಡಿದು ಭತ್ತ ಅಳೆಯುವುದನ್ನು ನೆನಪು ಮಾಡಿಕೊಳ್ಳಿ. ಎಷ್ಟು ಸಲ ಮುಳುಗಿಸಿ ಎತ್ತಿದರೂ ಸೇರು ಸೇರೇ, ಭತ್ತ ಭತ್ತವೇ. ಹಾಗಾಗಿ ಉಪಮೆ ಸ್ವಲ್ಪ ಪ್ರಾಮಾಣಿಕ ಜೀವಿ. ಇದು ಅದಲ್ಲ, ಆದರೆ ಇಷ್ಟರ ಮಟ್ಟಿಗೆ ಅದರ ಹಾಗಿದೆ ಎಂದು ಒಪ್ಪಿಕೊಂಡೇ ಮಾತಾಡುತ್ತದೆ.

ಅಳತೆಯ ಪಾತ್ರೆ ಕೇಳುವವನಿಗೆ ಗೊತ್ತಿರಬೇಕು ಎಂಬುದೂ ಇದರಲ್ಲೇ ಬಂತು. ನನಗೆ ಪ್ರತಿ ವರ್ಷ ಸಿಟ್ಟು ಬರುವುದು ಇಲ್ಲೇ. ಕಾಫಿ ಹೂ ಬಿಟ್ಟಿತೆಂದರೆ ಸಾಕು, ವಾಟ್ಸ್‌ಆಪ್ ತುಂಬ "ಹಿಮ ಸುರಿದಂತೆ". ಹಿಮ ಸುರಿಯುವುದನ್ನು ನಮ್ಮಲ್ಲಿ ಎಷ್ಟು ಜನ ಕಂಡಿದ್ದೇವೆ? ಕ್ಯಾಲೆಂಡರಿನಲ್ಲಿ ನೋಡಿದ್ದೇವೆ. ಕಾಣದ ಹಿಮವನ್ನು ತಂದು ಅಂಗಳದ ಹೂವನ್ನು ಅಳೆಯುವುದು ಎಂಥ ಅಳತೆ? ತೋಟದ ಕೆಲಸಕ್ಕೆ ಬರುವ ಅಕ್ಕ ಒಬ್ಬರು ಹೋದ ವರ್ಷ ಗೇಟಿನ ಹತ್ತಿರ ನಿಂತು, "ನೋಡಿ ಅಣ್ಣ, ಗಿಡಕ್ಕೆಲ್ಲ ಪುರಿ ಎರಚಿದ ಹಾಗಿದೆ" ಅಂದರು. ನಾನೂ ತಿರುಗಿ ನೋಡಿದೆ. ಕೊಂಬೆಯ ಗೆಣ್ಣು ಗೆಣ್ಣಿಗೂ ಒಂದೊಂದು ಹಿಡಿ ಪುರಿ. ಆಮೇಲೆ ಇವತ್ತಿನವರೆಗೂ ನನಗೆ ಕಾಫಿ ಹೂ ಬೇರೆ ಥರ ಕಂಡಿಲ್ಲ.

ಈಗ ರೂಪಕ. ರೂಪ ಕೊಡುವುದು, ಒಂದರ ಮೇಲೆ ಇನ್ನೊಂದರ ರೂಪ ಹೊದಿಸುವುದು. ನಾಟಕಕ್ಕೂ ಸಂಸ್ಕೃತದಲ್ಲಿ ಇದೇ ಹೆಸರು. 10ನೇ ಶತಮಾನದ ಧನಂಜಯ ಹತ್ತು ಬಗೆಯ ನಾಟಕಗಳ ಬಗ್ಗೆ ಬರೆದ ಗ್ರಂಥದ ಹೆಸರೇ ‘ದಶರೂಪಕ’. ನಟನ ಮೇಲೆ ರಾಮನ ರೂಪ ಹೊದಿಸುತ್ತಾರೆ, ಅದಕ್ಕೇ ಅದು ರೂಪಕ. ನೃತ್ಯರೂಪಕ, ರೇಡಿಯೊ ರೂಪಕ ಎಲ್ಲ ಈ ದಾರಿಯಲ್ಲಿ ಬಂದವು. ಅಲಂಕಾರ ಬೇರೆ, ನಾಟಕ ಬೇರೆ ಅಂತ ಪಾಠ ಮಾಡುವವರು ಎರಡಕ್ಕೂ ಬೇರು ಒಂದೇ ಎನ್ನುವುದನ್ನು ಯಾಕೆ ಹೇಳುವುದಿಲ್ಲವೋ.

ಮಡಿಕೇರಿ ದಸರಾದ ದಶಮಂಟಪಗಳನ್ನು, ಅಂದರೆ ಚಲಿಸುವ ಗೊಂಬೆಗಳಲ್ಲಿ ಪುರಾಣದ ಕಥೆ ತೋರಿಸುವ ಹತ್ತು ಮೆರವಣಿಗೆ ಮಂಟಪಗಳನ್ನು, ನೋಡಿದವರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಜಯದಶಮಿ ರಾತ್ರಿ, ಕಾಲಿಡಲು ಜಾಗವಿಲ್ಲದ ರಸ್ತೆ, ಹೊಗೆ, ಲೈಟು, ಎದೆ ನಡುಗಿಸುವ ಸೌಂಡು. ಹೆಗಲ ಮೇಲಿನ ಮಗುವಿಗೆ ಅಪ್ಪ, "ಅಗೋ ಮಹಿಷಾಸುರ ಎದ್ದ!" ಅನ್ನುತ್ತಾನೆ. "ಮಹಿಷಾಸುರನ ಹಾಗೆ ಕಾಣುವ ಗೊಂಬೆಯನ್ನು ಮೇಲೆತ್ತಿದರು" ಅಂತ ಯಾರಾದರೂ ಹೇಳುತ್ತಾರಾ? ಗೊಂಬೆ ಎಂದು ಅಪ್ಪನಿಗೆ ಗೊತ್ತು. ಗೊತ್ತಿದ್ದೂ ಮಹಿಷಾಸುರ ಅನ್ನುತ್ತಾನೆ. ಆ ‘ಗೊತ್ತಿದ್ದೂ’ ಎನ್ನುವುದೇ ರೂಪಕದ ಜೀವ. ಶಾಸ್ತ್ರದವರು ಅದನ್ನು ‘ಆಹಾರ್ಯ’ ಎನ್ನುತ್ತಾರೆ. ಅಂದರೆ ಬೇಕೆಂದೇ ತಂದುಕೊಂಡದ್ದು.

ಹಾಗಾಗಿ ನೀರಾವರಿ ಭಾಷಣದಲ್ಲಿ "ಕಾವೇರಿ ನಮ್ಮ ಜೀವನಾಡಿ" ಎಂದರೆ ರೂಪಕ. ತುಲಾ ಸಂಕ್ರಮಣದ ದಿನ ತಲಕಾವೇರಿಯ ಕುಂಡಿಕೆಯ ಮುಂದೆ ಕೈಮುಗಿದು ನಿಂತ ಅಜ್ಜಿ "ಕಾವೇರಮ್ಮ" ಎಂದರೆ ಅದು ರೂಪಕವಲ್ಲ. ಆಕೆ ನದಿಯ ಮೇಲೆ ತಾಯಿಯ ರೂಪವನ್ನು ಹೊದಿಸುತ್ತಿಲ್ಲ. ಆಕೆಗೆ ಅದು ತಾಯಿಯೇ. ಪತ್ರಿಕೆಗಳ ವಿಶೇಷಾಂಕದಲ್ಲಿ "ಕೊಡಗಿನ ಜನ ಕಾವೇರಿಯನ್ನು ರೂಪಕವಾಗಿ ತಾಯಿ ಎಂದು ಕರೆಯುತ್ತಾರೆ" ಎಂಬ ಥರದ ಸಾಲು ಕಂಡಾಗ ಆ ಅಜ್ಜಿಯ ಕೈಗೆ ಒಂದು ಪ್ರತಿ ಕೊಟ್ಟು ನೋಡಬೇಕು ಅನಿಸುತ್ತದೆ.

ಒಂದೇ ಪದ ಕೆಲವೊಮ್ಮೆ ಎರಡೂ ಕಡೆ ವಾಲುತ್ತದೆ. ‘ಮುಖಕಮಲ’ ತೆಗೆದುಕೊಳ್ಳಿ. ಕಮಲದಂಥ ಮುಖವೋ, ಮುಖವೆಂಬ ಕಮಲವೋ? ಪದವನ್ನೇ ದುರುಗುಟ್ಟಿಕೊಂಡು ನೋಡಿದರೆ ಉತ್ತರ ಸಿಗುವುದಿಲ್ಲ. ಮುಂದಿನ ಕ್ರಿಯಾಪದ ನೋಡಿ. "ಮುಖಕಮಲ ಅರಳಿತು" ಎಂದರೆ ಅರಳುವುದು ಕಮಲದ ಕೆಲಸ. ಕಮಲ ಗೆದ್ದಿದೆ, ರೂಪಕ. "ಮುಖಕಮಲ ನಕ್ಕಿತು" ಎಂದರೆ ನಗುವುದು ಮುಖ. ಕಮಲ ಪಕ್ಕದಲ್ಲಿ ಸುಮ್ನೆ ನಿಂತಿದೆ, ಉಪಮೆ. ಇಷ್ಟು ಸಲೀಸಾದ ಪರೀಕ್ಷೆ ಇರುವಾಗ ‘ಅಂತೆ’ ಹುಡುಕಿಕೊಂಡು ಯಾಕೆ ಅಲೆಯಬೇಕು?

ಇನ್ನು ಆ ಕಾಶ್ಮೀರ. "ಕೊಡಗು ಕರ್ನಾಟಕದ ಕಾಶ್ಮೀರ", "ಭಾರತದ ಸ್ಕಾಟ್ಲೆಂಡ್" ಎರಡೂ ರೂಪಕಗಳೇ, ತಕರಾರಿಲ್ಲ. ಆದರೆ ಸೋಮಾರಿ ರೂಪಕಗಳು. ಕೂಡುವ ಗುಣ ಯಾವುದು? ಹಿಮ ಇಲ್ಲ, ಸೇಬಿಲ್ಲ. ಒಂದಿಷ್ಟು ಚಳಿ, ಒಂದಿಷ್ಟು ಗುಡ್ಡ. ಉಪಮೆಯಾಗಿದ್ದರೆ "ಯಾವುದರಲ್ಲಿ ಹಾಗೆ?" ಅಂತ ಕೇಳಬಹುದಿತ್ತು. ರೂಪಕ ಆ ಪ್ರಶ್ನೆಗೆ ಬಾಗಿಲು ಹಾಕಿಬಿಡುತ್ತದೆ. ಹೋಂಸ್ಟೇ ಬೋರ್ಡುಗಳಿಗೆ ಅದು ಇಷ್ಟವಾಗುವುದು ಅದಕ್ಕೇ ಇರಬೇಕು. ‘ಮಂಜಿನ ನಗರಿ ಮಡಿಕೇರಿ’ಯನ್ನೂ ಕೆಲವರು ರೂಪಕ ಎನ್ನುತ್ತಾರೆ. ಅದು ಯಾವ ಅಲಂಕಾರವೂ ಅಲ್ಲ. ನಗರಿ ಇದೆ, ಮಂಜೂ ಇದೆ. ಅದು ಹವಾಮಾನ ವರದಿ.

ಬೇಕೆಂದೇ ಅಲ್ಲದೆ, ನಿಜವಾಗಿಯೂ ಒಂದನ್ನು ಇನ್ನೊಂದು ಅಂದುಕೊಂಡರೆ? ಅದಕ್ಕೂ ಹೆಸರಿದೆ: ಭ್ರಾಂತಿಮಾನ್. ಕಾವ್ಯದಲ್ಲಿ ದುಂಬಿ ಮುಖವನ್ನು ಕಮಲವೆಂದು ತಿಳಿದು ಹಾರಿ ಬರುತ್ತದಲ್ಲ, ಅದು. ನನಗೆ ಇಷ್ಟದ ಉದಾಹರಣೆ ಕಾವ್ಯದ್ದಲ್ಲ, ಕಾಫಿಯದ್ದೇ. ಕಾಫಿ ಹೂ ಮಲ್ಲಿಗೆಯ ಹಾಗಿದೆ, ವಾಸನೆಯೂ ಮಲ್ಲಿಗೆಯ ಹಾಗೇ ಅಂತ ನಾವೆಲ್ಲ ಹೇಳುತ್ತೇವೆ. ಉಪಮೆ. 18ನೇ ಶತಮಾನದ ಮೊದಲಲ್ಲಿ ಆಂತ್ವಾನ್ ದ ಜುಸ್ಯೂ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ಕಾಫಿ ಗಿಡವನ್ನು ಮಲ್ಲಿಗೆಯ ಗುಂಪಿಗೇ ಸೇರಿಸಿ ‘ಜಾಸ್ಮಿನಮ್ ಅರೇಬಿಕಮ್’ ಎಂದು ಕರೆದುಬಿಟ್ಟ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್‌ನ ಪುಸ್ತಕದಲ್ಲಿ ಅದು ‘ಕಾಫಿಯಾ ಅರೇಬಿಕಾ’ ಆಯಿತು. ನಾವು ಇವತ್ತಿಗೂ ಅರೇಬಿಕಾ ಅನ್ನುವುದು ಆ ಹೆಸರನ್ನೇ. ನಿಜಕ್ಕೆ ಕಾಫಿಯ ಹತ್ತಿರದ ಸಂಬಂಧಿ ಮಲ್ಲಿಗೆಯಲ್ಲ, ಕೇಪಳ.

ಇದಕ್ಕೆ ತದ್ವಿರುದ್ಧವೂ ಆಗುತ್ತದೆ. ‘ಹೂಮಳೆ’ ಅಂದರೆ ಕನ್ನಡದಲ್ಲಿ ಎಲ್ಲ ಕಡೆ ಹೂವಿನ ಮಳೆ, ದೇವತೆಗಳು ಆಕಾಶದಿಂದ ಸುರಿಸುವಂಥದ್ದು. ಅಲ್ಲಿ ಮಳೆ ಅಲಂಕಾರ, ಹೂ ನಿಜ. ಕೊಡಗಿನಲ್ಲಿ ಹೂಮಳೆ ಅಂದರೆ ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಮೊಗ್ಗು ಅರಳಿಸಲು ಬರಬೇಕಾದ ಮಳೆ. ಬಂದು ವಾರ, ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಬರದಿದ್ದರೆ ಸ್ಪ್ರಿಂಕ್ಲರ್, ಡೀಸೆಲ್, ತಲೆನೋವು. ಹೋದ ಮಾರ್ಚಿನಲ್ಲಿ ಬೆಂಗಳೂರಿನಿಂದ ಬಂದ ನೆಂಟರು ಜಗಲಿಯಲ್ಲಿ ಕೂತಿದ್ದರು. ನಾನು ಫೋನಿನಲ್ಲಿ ತಮ್ಮನ ಹತ್ತಿರ, "ನಿನ್ನೆ ರಾತ್ರಿ ಹೂಮಳೆ ಆಯ್ತು ಮಾರಾಯ" ಅನ್ನುತ್ತಿದ್ದೆ. ಫೋನ್ ಇಟ್ಟ ಕೂಡಲೇ ನೆಂಟರು, "ನೀವು ಕೊಡಗಿನವರು ಮಾತಾಡೋದೇ ರೂಪಕದಲ್ಲಿ, ಎಷ್ಟು ಚೆನ್ನ!" ಅಂದರು.

"ರೂಪಕ ಅಲ್ಲ ಭಾವ, 1 ಇಂಚು 20 ಸೆಂಟು ಮಳೆ" ಅಂದೆ.