ನಾಲ್ಕು ತಿಂಗಳ ಗಿಡ, ಮೂರು ದಿನದ ಸದಸ್ಯ

ಬಾರ್ಸಿಲೋನಾದ ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಯೊಂದರಲ್ಲಿ ಫಲಕವಿಲ್ಲದ ಬಾಗಿಲು, ಪಕ್ಕದಲ್ಲಿ ಕರೆಗಂಟೆ, ಮೇಲೊಂದು ಕ್ಯಾಮೆರಾ. ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಅಂಗಡಿಯ ಗಲ್ಲಾ ಅಲ್ಲ, ಸಹಕಾರ ಸಂಘದ ಕಚೇರಿಯನ್ನು ನೆನಪಿಸುವ ಒಂದು ಮೇಜು. ಅದರ ಆಚೆ ಕುಳಿತವರು ಪಾಸ್‌ಪೋರ್ಟ್ ಕೇಳುತ್ತಾರೆ, ವಯಸ್ಸು ನೋಡುತ್ತಾರೆ, ಅರ್ಜಿಯೊಂದನ್ನು ಮುಂದಿಡುತ್ತಾರೆ. ತಾನು ಈ ಮೊದಲಿನಿಂದಲೂ ಗಾಂಜಾ ಸೇವಿಸುವವನೆಂದು ಅರ್ಜಿದಾರ ಅಲ್ಲಿ ಘೋಷಿಸಬೇಕು. ತನ್ನನ್ನು ಬಲ್ಲ ಹಳೆಯ ಸದಸ್ಯರೊಬ್ಬರ ಹೆಸರು ಬರೆಯಬೇಕು. ಆ ಊರಿನ ವಿಳಾಸ ಕೊಡಬೇಕು. ತಿಂಗಳಿಗೆ ಎಷ್ಟು ಗ್ರಾಂ ಬೇಕಾದೀತೆಂದು ಅಂದಾಜು ಮಾಡಿ, ಅಷ್ಟನ್ನು ತನ್ನ ಪರವಾಗಿ ಬೆಳೆಯಲು ಸಂಘಕ್ಕೆ ಒಪ್ಪಿಗೆ ಕೊಟ್ಟು ಸಹಿ ಹಾಕಬೇಕು. ಮೂರು ದಿನದ ಮಟ್ಟಿಗೆ ಬಂದ ಪ್ರವಾಸಿ ವಿಳಾಸದ ಜಾಗದಲ್ಲಿ ಹೋಟೆಲಿನ ಹೆಸರು ಬರೆಯುತ್ತಾನೆ. ತಿಂಗಳ ಅಂದಾಜಿನ ಜಾಗದಲ್ಲಿ ಪೆನ್ನು ತುಸು ಹೊತ್ತು ನಿಲ್ಲುತ್ತದೆ.

ಕ್ಯಾನಬಿಸ್ ಸೋಷಿಯಲ್ ಕ್ಲಬ್ ಎಂದು ಜಗತ್ತಿನ ತುಂಬ ಹೆಸರಾದ ಈ ಖಾಸಗಿ ಸಂಘಗಳಿಗೆ ಪರದೇಶದವರು ಸೇರಬಹುದೇ ಎಂಬ ಪ್ರಶ್ನೆಗೆ ಸ್ಪೇನ್‌ನಲ್ಲಿ ಹೌದು ಎನ್ನುವವರೂ ಇದ್ದಾರೆ, ಇಲ್ಲ ಎನ್ನುವವರೂ ಇದ್ದಾರೆ. ಇಬ್ಬರ ಬಳಿಯೂ ತೋರಿಸಲು ಕಾಗದಗಳಿವೆ. ಸಂಘ ಕಟ್ಟುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲಿದೆ, ಸಂಘಗಳ ಕುರಿತು 2002ರ ಕಾಯ್ದೆಯಿದೆ, ನೋಂದಣಿಯ ಪುಸ್ತಕದಲ್ಲಿ ಈ ಸಂಘಗಳ ಹೆಸರೂ ಇದೆ. ಅದೇ ದೇಶದ ದಂಡಸಂಹಿತೆಯ 368ನೇ ವಿಧಿಯಲ್ಲಿ ಗಾಂಜಾ ಬೆಳೆದು ಇತರರಿಗೆ ಒದಗಿಸುವುದಕ್ಕೆ ಒಂದರಿಂದ ಮೂರು ವರ್ಷಗಳ ಸೆರೆವಾಸ ಮತ್ತು ದಂಡವೂ ಇದೆ. ಈ ಎರಡರ ನಡುವಿನ ಕಂದಕದಲ್ಲಿ ಮೂರು ದಶಕ ಬಾಳಿದ ವ್ಯವಸ್ಥೆಯಿದು.

ಕಂದಕ ತೋಡಿದ್ದು ನ್ಯಾಯಾಲಯ. 1974ರಲ್ಲಿ, ಸರ್ವಾಧಿಕಾರಿ ಫ್ರಾಂಕೊನ ಆಡಳಿತ ಇನ್ನೂ ಮುಗಿಯದಿದ್ದಾಗಲೇ, ಸ್ವಂತ ಸೇವನೆ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 1983ರಲ್ಲಿ ದಂಡಸಂಹಿತೆ ತಿದ್ದುಪಡಿಯಾಗಿ ಹೆಚ್ಚು ಹಾನಿಯ ಮತ್ತು ಕಡಿಮೆ ಹಾನಿಯ ಮಾದಕಗಳು ಬೇರೆಯಾದವು. 1992ರಲ್ಲಿ ಬೀದಿಯಲ್ಲಿ ಸೇದುವುದಕ್ಕೂ ಜೇಬಿನಲ್ಲಿಟ್ಟುಕೊಂಡು ತಿರುಗುವುದಕ್ಕೂ ಆಡಳಿತಾತ್ಮಕ ದಂಡ ಬಂತು. ಸೇದಿದರೆ ಅಪರಾಧವಲ್ಲ, ಮಾರಿದರೆ ಅಪರಾಧ ಎಂದಾದ ಮೇಲೆ ಸೇದುವವನಿಗೆ ಅದು ಸಿಗುವುದೆಲ್ಲಿಂದ ಎಂಬುದನ್ನು ಯಾವ ಕಾಯ್ದೆಯೂ ಹೇಳಲಿಲ್ಲ. ನ್ಯಾಯಾಧೀಶರು ಮಾತ್ರ ಒಂದೊಂದೇ ಮೊಕದ್ದಮೆಯಲ್ಲಿ ‘ಹಂಚಿಕೊಂಡ ಸೇವನೆ’ ಎಂಬ ತತ್ವವನ್ನು ಕಟ್ಟುತ್ತ ಹೋದರು. ಮೊದಲೇ ಸೇವಿಸುವ ಅಭ್ಯಾಸವುಳ್ಳ, ಗುರುತಿಸಬಹುದಾದ ಕೆಲವೇ ಜನರು, ಮುಚ್ಚಿದ ಜಾಗದಲ್ಲಿ, ಆಗಿಂದಾಗ್ಗೆ ಮುಗಿಯುವಷ್ಟೇ ಪ್ರಮಾಣವನ್ನು, ಲಾಭದ ಮಾತಿಲ್ಲದೆ ಹಂಚಿಕೊಂಡರೆ ಅದು ಮಾರಾಟವಲ್ಲ ಎಂಬುದು ಅದರ ತಿರುಳು. ಕ್ಲಬ್ಬಿನ ಮೇಜಿನ ಮೇಲಿನ ಆ ಅರ್ಜಿಯ ಒಂದೊಂದು ಸಾಲೂ ಈ ತತ್ವದ ಒಂದೊಂದು ಷರತ್ತಿಗೆ ಬರೆದ ಉತ್ತರ ಎಂಬುದನ್ನು ಗಮನಿಸಿದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮೊದಲ ಹೆಜ್ಜೆ ಇಟ್ಟವರು ಕದ್ದುಮುಚ್ಚಿ ಇಡಲಿಲ್ಲ. ಪತ್ರ ಬರೆದು, ಉತ್ತರ ಪಡೆದು ಇಟ್ಟರು. 1991ರಲ್ಲಿ ಬಾರ್ಸಿಲೋನಾದಲ್ಲಿ ಆರಂಭವಾದ ‘ಆರ್ಸೆಕ್’ ಎಂಬ ಗಾಂಜಾ ಅಧ್ಯಯನ ಸಂಘ, ಒಂದು ಗುಂಪಿನ ವಯಸ್ಕರು ತಮ್ಮ ಬಳಕೆಗಷ್ಟೇ ಒಟ್ಟಾಗಿ ಗಿಡ ಬೆಳೆದರೆ ಅಪರಾಧವಾಗುತ್ತದೆಯೇ ಎಂದು 1993ರಲ್ಲಿ ಮಾದಕವಸ್ತು ಮೊಕದ್ದಮೆಗಳ ಸರ್ಕಾರಿ ಅಭಿಯೋಜಕರನ್ನೇ ಕೇಳಿತು. ತಾತ್ವಿಕವಾಗಿ ಅದು ಅಪರಾಧವಲ್ಲ ಎಂಬ ಉತ್ತರ ಬಂದ ಮೇಲೆ ತಾರಗೋನಾ ಸೀಮೆಯ ಮೊಂತ್‌ಬ್ರಿಯೊ ಎಂಬ ಊರಿನ ಹೊಲದಲ್ಲಿ ಸುಮಾರು ನೂರು ಸದಸ್ಯರಿಗಾಗಿ ಸುಮಾರು 200 ಗಿಡಗಳನ್ನು ಬಹಿರಂಗವಾಗಿ ನೆಟ್ಟರು. ಕೊಯ್ಲಿಗೆ ಮುನ್ನವೇ ಸಿವಿಲ್ ಗಾರ್ಡ್ ಎಂಬ ಪೊಲೀಸ್ ಪಡೆ ಬಂದು ಗಿಡಗಳನ್ನು ಕಿತ್ತೊಯ್ದಿತು. ತಾರಗೋನಾದ ನ್ಯಾಯಾಲಯ ಎಲ್ಲರನ್ನೂ ಖುಲಾಸೆ ಮಾಡಿದರೆ, 1997ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುವಿ ಹಾಕಿ ಪದಾಧಿಕಾರಿಗಳಿಗೆ ನಾಲ್ಕು ತಿಂಗಳ ಸೆರೆವಾಸ ಮತ್ತು ದಂಡ ವಿಧಿಸಿತು. ಕೇಳಿ ಮಾಡಿದವರಿಗೆ ಶಿಕ್ಷೆಯಾದ ಅದೇ ವರ್ಷ ಉತ್ತರ ಸ್ಪೇನ್‌ನ ಬಿಲ್ಬಾವೊ ನಗರದ ‘ಕಲಾಮುದಿಯಾ’ ಸಂಘ ಸುಮಾರು 600 ಗಿಡ ನೆಟ್ಟಿತು. ಅದರ ಮೇಲಿನ ಮೊಕದ್ದಮೆ ಮುಂದುವರಿಯಲಿಲ್ಲ, ಬೆಳೆ ಕೊಯ್ಲಾಗಿ ಸದಸ್ಯರ ಕೈ ಸೇರಿತು. ಒಂದೇ ದೇಶ, ಒಂದೇ ಕಾನೂನು, ಎರಡು ಫಲಿತಾಂಶ.

ಇದಾದ ಮೇಲೆ ಆಂಡಲೂಸಿಯಾದ ಪ್ರಾಂತೀಯ ಸರ್ಕಾರ ಇಬ್ಬರು ಅಪರಾಧಶಾಸ್ತ್ರ ಪ್ರಾಧ್ಯಾಪಕರಿಂದ ವರದಿಯೊಂದನ್ನು ಬರೆಸಿತು. ಯಾವ ಷರತ್ತುಗಳಿದ್ದರೆ ಗಾಂಜಾ ದೊರೆಯುವ ಜಾಗವೊಂದು ಕಾನೂನಿನ ಒಳಗೇ ಉಳಿದೀತು ಎಂಬುದು ಅದರ ವಿಷಯ. ಅಲ್ಲಿ ಹೇಳಿದ ಷರತ್ತುಗಳನ್ನೇ ಹೆಚ್ಚುಕಡಿಮೆ ಬೈಲಾ ಮಾಡಿಕೊಂಡು 2001ರಿಂದ ಕ್ಲಬ್‌ಗಳು ಹುಟ್ಟಿದವು. ಅವುಗಳ ಮಾತಿನಲ್ಲಿ ಖರೀದಿಯಿಲ್ಲ, ಬೆಲೆಯಿಲ್ಲ, ಗಿರಾಕಿಯೂ ಇಲ್ಲ. ಕೊಡುವುದು ವಂತಿಗೆ, ಪಡೆಯುವುದು ತನ್ನದೇ ಪಾಲು. ಹೊರಗಿನವರಿಗೆ ಇದು ಪದಗಳ ಕಸರತ್ತಿನಂತೆ ಕಂಡರೂ ಆರಂಭದ ವರ್ಷಗಳಲ್ಲಿ ಅದು ನಿಜವೇ ಆಗಿತ್ತು: ವಸಂತದಲ್ಲಿ ಸದಸ್ಯರ ಪಟ್ಟಿ ಮುಚ್ಚುತ್ತಿತ್ತು, ಪ್ರತಿಯೊಬ್ಬರ ಅಂದಾಜು ಕೂಡಿಸಿ ಅಷ್ಟೇ ಗಿಡ ನೆಡಲಾಗುತ್ತಿತ್ತು, ಶರತ್ಕಾಲದಲ್ಲಿ ಕೊಯ್ದು ಒಣಗಿಸಿ ಪಟ್ಟಿಯಲ್ಲಿದ್ದವರಿಗೆ ಹಂಚಲಾಗುತ್ತಿತ್ತು. ಬಿಲ್ಬಾವೊ ಇರುವ ಬಾಸ್ಕ್ ಪ್ರದೇಶದ ಸಂಘವೊಂದರಿಂದ ಪೊಲೀಸರು ವಶಪಡಿಸಿಕೊಂಡಿದ್ದ ಬೆಳೆಯನ್ನು 2007ರಲ್ಲಿ ಮರಳಿಸಿದ ಪ್ರಸಂಗವೂ ನಡೆಯಿತು.

ಪ್ರವಾಸಿಯ ಪ್ರಶ್ನೆ ನಿಜವಾಗಿ ಹುಟ್ಟುವುದು ಇಲ್ಲಿಂದ. ಗಿಡಕ್ಕೆ ತನ್ನದೇ ಪಂಚಾಂಗವಿದೆ. ದೀಪದ ಬೆಳಕಿನ ಕೋಣೆಯಲ್ಲಿ ಬೆಳೆದರೂ ಸಸಿ ಚಿಗುರಿ ನಿಲ್ಲಲು ಮೂರು ನಾಲ್ಕು ವಾರ, ಹೂವು ಕಟ್ಟಿ ಬಲಿಯಲು ಎಂಟರಿಂದ ಹತ್ತು ವಾರ, ಒಣಗಿ ಹದಕ್ಕೆ ಬರಲು ಮತ್ತೆರಡು ವಾರ ಹಿಡಿಯುತ್ತದೆ. ಎಲ್ಲ ಸೇರಿ ನಾಲ್ಕು ತಿಂಗಳ ಹತ್ತಿರ. ಇಂದು ಮಧ್ಯಾಹ್ನ ಸದಸ್ಯನಾದವನಿಗೆ ಇಂದು ಸಂಜೆಯೇ ಸಿಗುವ ಹೂವನ್ನು ನೆಟ್ಟದ್ದು ಅವನ ಹೆಸರೇ ಗೊತ್ತಿರದಿದ್ದ ದಿನಗಳಲ್ಲಿ. ಆ ಗಿಡ ಯಾರ ಪಾಲಿನದು? ಇದ್ದ ಸದಸ್ಯರ ಲೆಕ್ಕಕ್ಕಿಂತ ಹೆಚ್ಚಾಗಿ ಬೆಳೆದದ್ದಾದರೆ ಅದು ಬರಲಿರುವ ಅಪರಿಚಿತರಿಗೆಂದೇ ಬೆಳೆದದ್ದು. ಬೇರೆಡೆಯಿಂದ ತಂದದ್ದಾದರೆ ಸಂಘ ಬೆಳೆಯುತ್ತದೆ ಎಂಬ ಮಾತೇ ನಿಲ್ಲುವುದಿಲ್ಲ. ಹಳೆಯ ಕ್ಲಬ್‌ಗಳ ನಿಯಮಾವಳಿಗಳಲ್ಲಿ ಸೇರಿದ ದಿನಕ್ಕೂ ಮೊದಲ ಪಾಲಿಗೂ ನಡುವೆ ಹದಿನೈದು ದಿನಗಳ ಕಾಯುವಿಕೆ ಇಟ್ಟದ್ದು ಇದೇ ಕಾರಣಕ್ಕೆ. ವಾರದ ರಜೆಗೆ ಬಂದವನಿಗೆ ಆ ನಿಯಮವೊಂದೇ ಸಾಕಿತ್ತು ಬಾಗಿಲು ಮುಚ್ಚಲು. 2010ರ ಆಸುಪಾಸಿನಿಂದ ಬಾರ್ಸಿಲೋನಾದಲ್ಲಿ ಕ್ಲಬ್‌ಗಳ ಸಂಖ್ಯೆ ಸುಮಾರು 200ರವರೆಗೆ ಏರಿದ ಕಾಲದಲ್ಲಿ ಮೊದಲು ಸಡಿಲವಾದದ್ದೂ ಅದೇ ನಿಯಮ. ಲಾ ರಾಂಬ್ಲಾ ಬೀದಿಯಲ್ಲಿ ಪ್ರವಾಸಿಗಳ ಕಿವಿಯ ಬಳಿ ಪಿಸುಗುಟ್ಟಿ ಕರೆದೊಯ್ಯುವ ಹುಡುಗರು ಕಾಣಿಸಿಕೊಂಡರು. ‘ನನ್ನನ್ನು ಬಲ್ಲ ಹಳೆಯ ಸದಸ್ಯ’ ಎಂಬ ಸಾಲಿಗೆ ಹತ್ತು ನಿಮಿಷಗಳ ಪರಿಚಯ ಸಾಕಾಯಿತು.

ನಮ್ಮ ಓದುಗರಿಗೆ ಇದು ತೀರಾ ಅಪರಿಚಿತ ನಾಟಕವೇನಲ್ಲ. ಕರ್ನಾಟಕದಲ್ಲಿ ಸಿಎಲ್-4 ಪರವಾನಗಿಯ ಕ್ಲಬ್‌ನಲ್ಲಿ ಮದ್ಯ ಒದಗಿಸುವುದು ಸದಸ್ಯರಿಗೆಂದು. ಊರವರಿಗೆಲ್ಲ ಗ್ಲಾಸು ತುಂಬಿಸಿದರೆ ಅದು ಕ್ಲಬ್ ಎಂಬ ಹೆಸರಿನ ಬಾರ್ ಆಗುತ್ತದೆ ಎಂಬ ತಕರಾರು ಏಳುತ್ತದೆ. ರಿಕ್ರಿಯೇಷನ್ ಕ್ಲಬ್‌ಗಳ ಇಸ್ಪೀಟು ಮೇಜಿನ ಸುತ್ತಲಿನ ಜಗಳಗಳಲ್ಲೂ ಕುಳಿತವರಲ್ಲಿ ಸದಸ್ಯರೆಷ್ಟು, ಹೊರಗಿನವರೆಷ್ಟು ಎಂಬ ಪ್ರಶ್ನೆ ಬರದೆ ಇರುವುದಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಮದ್ಯಕ್ಕೆ ಪರವಾನಗಿ ಕೊಡುವ ಇಲಾಖೆಯೊಂದಿದೆ. ಸ್ಪೇನ್‌ನ ಗಾಂಜಾ ಸಂಘಗಳಿಗೆ ಅಂಥ ಇಲಾಖೆಯೇ ಇರಲಿಲ್ಲ.

2015ರ ಸೆಪ್ಟೆಂಬರ್ 7ರಂದು ಬಿಲ್ಬಾವೊದ ‘ಎಬೆರ್ಸ್’ ಸಂಘದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಈ ಕಥೆಯ ತಿರುವು. ಸಂಘಟಿತವಾಗಿ, ಸಾಂಸ್ಥಿಕವಾಗಿ, ಕಾಲಕಾಲಕ್ಕೂ ಮುಂದುವರಿಯುವಂತೆ ಗಾಂಜಾ ಬೆಳೆದು, ಹೊಸಬರಿಗೆ ತೆರೆದಿರುವ ಸಂಘದ ಸದಸ್ಯರಿಗೆ ಹಂಚುವುದು ಹಂಚಿಕೊಂಡ ಸೇವನೆಯ ಚೌಕಟ್ಟಿನಲ್ಲಿ ಬರುವುದಿಲ್ಲ, ಅದು ಅಪರಾಧವೇ ಎಂದು ನ್ಯಾಯಾಲಯ ಹೇಳಿತು. ‘ಹೊಸಬರಿಗೆ ತೆರೆದಿರುವ’ ಎಂಬ ಮಾತಿನ ಮೇಲೆ ಬೆರಳಿಟ್ಟು ಓದಬೇಕು. ನಾಲ್ಕಾರು ಗೆಳೆಯರ ವೃತ್ತ ಉಳಿಯಿತು. ಬಾಗಿಲು ತಟ್ಟಿದವರಿಗೆ ತೆರೆದುಕೊಳ್ಳುವ ವೃತ್ತ ಹೊರಗೆ ಬಿತ್ತು. ಆ ವರ್ಷ ಮುಗಿಯುವುದರೊಳಗೆ ಇನ್ನೆರಡು ದೊಡ್ಡ ಮೊಕದ್ದಮೆಗಳಲ್ಲೂ ಇದೇ ತರ್ಕ ನಡೆಯಿತು. ತೀರ್ಪಿನ ಭಾಷೆಯಲ್ಲಿ ಪ್ರವಾಸಿಯ ಹೆಸರು ಎಲ್ಲೂ ಮುಖ್ಯವಾಗಿ ಬರದಿದ್ದರೂ, ಅದು ವರ್ಣಿಸಿದ ಹೊಸಬರ ಸಾಲಿನಲ್ಲಿ ತೀರಾ ಕೊನೆಗೆ ನಿಂತವನು ಅವನೇ.

ತೀರ್ಪಿನಿಂದ ಕ್ಲಬ್‌ಗಳು ಮುಚ್ಚಲಿಲ್ಲ, ಏಕೆಂದರೆ ಕೆಳಗಿನ ಹಂತದ ಆಡಳಿತಗಳು ಅಷ್ಟರಲ್ಲಿ ಅವುಗಳೊಂದಿಗೆ ಸಂಸಾರ ಹೂಡಿದ್ದವು. ಸಾನ್ ಸೆಬಾಸ್ಟಿಯನ್ ನಗರಸಭೆ 2014ರಲ್ಲೇ ನಿಯಮ ಮಾಡಿತ್ತು. ಬಾರ್ಸಿಲೋನಾ 2016ರಲ್ಲಿ ಕ್ಲಬ್‌ಗಳ ಜಾಗದ ಬಗ್ಗೆ ವಿಶೇಷ ಯೋಜನೆ ತಂದಿತು. ಜನರ ಸಹಿ ಸಂಗ್ರಹದ ಒತ್ತಾಯದಿಂದ, ಬಾರ್ಸಿಲೋನಾ ಇರುವ ಕತಲೂನಿಯಾ ಪ್ರಾಂತ್ಯದ ಶಾಸನಸಭೆ 2017ರಲ್ಲಿ ಪೂರ್ಣ ಕಾಯ್ದೆಯನ್ನೇ ಅಂಗೀಕರಿಸಿತು. ಅಪರಾಧ ಕಾನೂನು ಕೇಂದ್ರದ ಅಧಿಕಾರವೆಂಬ ನೆಲೆಯಲ್ಲಿ ಸಂವಿಧಾನ ನ್ಯಾಯಾಲಯ ನವಾರಾ ಪ್ರಾಂತ್ಯದ ಇಂಥದೇ ಕಾಯ್ದೆಯನ್ನು 2017ರ ಕೊನೆಯಲ್ಲೂ ಕತಲೂನಿಯಾದ್ದನ್ನು 2018ರಲ್ಲೂ ರದ್ದು ಮಾಡಿತು. ಬಾರ್ಸಿಲೋನಾದ ನಿಯಮಗಳೂ 2021ರ ಹೊತ್ತಿಗೆ ನ್ಯಾಯಾಲಯದಲ್ಲಿ ಬಿದ್ದುಹೋದವು. ಕಾಯ್ದೆ ಮಾಡಲು ಹೊರಟವರಿಗೆ ಅಧಿಕಾರವಿರಲಿಲ್ಲ, ಅಧಿಕಾರವಿದ್ದ ಸಂಸತ್ತು ಮಾಡಲು ಹೊರಡಲಿಲ್ಲ. ಈ ಮೌನದ ಬೆಲೆ ತೆತ್ತವರು ಸಂಘದ ಕಾಗದಗಳಿಗೆ ಸಹಿ ಹಾಕಿದ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ತೋಟ ನೋಡಿಕೊಳ್ಳುವವರು. ಈ ಮಧ್ಯೆ ನಿಯಮ ಪಾಲಿಸುತ್ತಿದ್ದ ಸಣ್ಣ ಸಂಘಗಳಿಗೂ ಪ್ರವಾಸಿಗಳನ್ನೇ ನೆಚ್ಚಿದ ದೊಡ್ಡ ಮಳಿಗೆಗಳಿಗೂ ಕಾನೂನಿನ ಕಣ್ಣಲ್ಲಿ ಭೇದವೇ ಉಳಿಯಲಿಲ್ಲ.

ಪ್ರವಾಸಿಯ ಅಪಾಯ ಸಾಮಾನ್ಯವಾಗಿ ಒಳಗಲ್ಲ, ಹೊಸ್ತಿಲಿನ ಹೊರಗೆ. 2015ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯ 36ನೇ ವಿಧಿಯ ಪ್ರಕಾರ ಬೀದಿಯಲ್ಲಿ ಸೇದಿದರೆ ಮಾತ್ರವಲ್ಲ, ಮಾರುವ ಉದ್ದೇಶವಿಲ್ಲದೆ ಜೇಬಿನಲ್ಲಿ ಇಟ್ಟುಕೊಂಡಿದ್ದರೂ 601 ಯೂರೋಗಳಿಂದ 30,000 ಯೂರೋಗಳವರೆಗೆ ದಂಡ. ಒಳಗೆ ಅವನದೇ ಪಾಲಾಗಿದ್ದ ಪೊಟ್ಟಣ ಬಾಗಿಲು ದಾಟಿದ ಮೊದಲ ಹೆಜ್ಜೆಗೇ ದಂಡಾರ್ಹ ವಸ್ತುವಾಗುತ್ತದೆ. ಪರ್ಸಿನಲ್ಲಿರುವ ಸದಸ್ಯತ್ವದ ಕಾರ್ಡು ಪೊಲೀಸರೆದುರು ಯಾವ ರಕ್ಷಣೆಯೂ ಅಲ್ಲ.

ಸ್ಪೇನ್‌ನ ಈ ಗೋಜಲನ್ನು ನೋಡುತ್ತಿದ್ದ ದೇಶಗಳು ತಮ್ಮ ಕಾಯ್ದೆ ಬರೆಯುವಾಗ ಮೊದಲು ಮುಚ್ಚಿದ್ದು ಪ್ರವಾಸಿಯ ಬಾಗಿಲನ್ನೇ. ಉರುಗ್ವೆ 2013ರಲ್ಲಿ ಕ್ಲಬ್‌ಗಳಿಗೆ ಅನುಮತಿ ಕೊಟ್ಟಾಗ ಒಂದು ಕ್ಲಬ್‌ಗೆ 15ರಿಂದ 45 ಸದಸ್ಯರು, 99 ಗಿಡಗಳು, ತಲೆಗೆ ವರ್ಷಕ್ಕೆ 480 ಗ್ರಾಂ ಎಂದು ನಿಗದಿಪಡಿಸಿ, ನಾಗರಿಕರಿಗೂ ಕಾಯಂ ನಿವಾಸಿಗಳಿಗೂ ಮಾತ್ರ ಪ್ರವೇಶವೆಂದಿತು. 2021ರ ಕಾಯ್ದೆಯ ಮಾಲ್ಟಾ ಕೂಡ ನಿವಾಸಿಗಳಿಗಷ್ಟೇ ಎಂದಿತು. ಗಾಂಜಾ ಮಾರುವ ‘ಕಾಫಿ ಶಾಪ್’ಗಳ ನೆದರ್ಲೆಂಡ್ಸ್ ಇದೇ ದಾರಿಯನ್ನು ಇನ್ನೊಂದು ಕಡೆಯಿಂದ ತುಳಿದಿತ್ತು: ಮಾಸ್ಟ್ರಿಕ್ಟ್ ನಗರ ಹೊರದೇಶದವರನ್ನು ತಡೆಯಬಹುದೆಂದು ಐರೋಪ್ಯ ನ್ಯಾಯಾಲಯ 2010ರ ಡಿಸೆಂಬರ್‌ನಲ್ಲಿ ಹೇಳಿತು, 2012ರ ಮೇ ತಿಂಗಳಲ್ಲಿ ದಕ್ಷಿಣದ ಪ್ರಾಂತ್ಯಗಳ ಕಾಫಿ ಶಾಪ್‌ಗಳನ್ನು ತಲಾ 2,000 ಸದಸ್ಯರ ಖಾಸಗಿ ಕ್ಲಬ್‌ಗಳಾಗಿ ಮಾರ್ಪಡಿಸಿದರು, ವರ್ಷ ಮುಗಿಯುವ ಮೊದಲೇ ಆ ಯೋಜನೆಯನ್ನು ಕೈಬಿಟ್ಟರು. ನಿವಾಸಿಗಳಿಗೆ ಮಾತ್ರ ಎಂಬ ನಿಯಮ ಕಾಗದದಲ್ಲಿ ಉಳಿದಿದೆ. ಮಾಸ್ಟ್ರಿಕ್ಟ್ ಅದನ್ನು ಪಾಲಿಸುತ್ತದೆ, ಆಮ್‌ಸ್ಟರ್‌ಡ್ಯಾಮ್ ಪಾಲಿಸುವುದಿಲ್ಲ.

ಜರ್ಮನಿಯ ಕಾಯ್ದೆ ಕನ್ನಡಿಗರಿಗೆ ತುಸು ಹತ್ತಿರದ್ದು, ಏಕೆಂದರೆ ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರದೇ ದೊಡ್ಡ ಗುಂಪು, ಅದರಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಹೋದವರೂ ಇದ್ದಾರೆ. 2024ರ ಜುಲೈ 1ರಿಂದ ಅಲ್ಲಿ ಬೆಳೆಗಾರ ಸಂಘಗಳಿಗೆ ಪರವಾನಗಿ ಸಿಗುತ್ತಿದೆ. ಗರಿಷ್ಠ 500 ಸದಸ್ಯರು. ತಿಂಗಳಿಗೆ 50 ಗ್ರಾಂ, 21ರೊಳಗಿನವರಿಗೆ 30 ಗ್ರಾಂ. ಸಂಘದ ಆವರಣದಲ್ಲಿ ಸೇದುವಂತಿಲ್ಲ. ಕನಿಷ್ಠ ಆರು ತಿಂಗಳು ಜರ್ಮನಿಯಲ್ಲಿ ನೆಲೆಸಿದವರಿಗಷ್ಟೇ ಸದಸ್ಯತ್ವ, ಅದೂ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ. ಗಿಡದ ಪಂಚಾಂಗಕ್ಕೂ ಸದಸ್ಯತ್ವದ ಪಂಚಾಂಗಕ್ಕೂ ಇಲ್ಲಿ ಹೊಂದಾಣಿಕೆಯಾಗಿದೆ. ವಾರದ ಮಟ್ಟಿಗೆ ಬಂದವನಿಗೆ ಜಾಗವಿಲ್ಲ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇನ್ನೊಂದು ಗಂಟಿದೆ, ಅದರ ಮಾತು ನಮ್ಮಲ್ಲಿ ಕೇಳಿಬರುವುದು ಕಡಿಮೆ. ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ ಮೊದಲ ಸೆಕ್ಷನ್‌ಗೆ 2001ರಲ್ಲಿ ಆದ ತಿದ್ದುಪಡಿಯಂತೆ ಅದು ಭಾರತದ ಹೊರಗಿರುವ ಭಾರತೀಯ ನಾಗರಿಕರಿಗೂ ಅನ್ವಯಿಸುತ್ತದೆ. ಸೆಕ್ಷನ್ 27ರ ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಭಂಗಿ ಸೊಪ್ಪಿನ ಮಾತು ಬೇರೆ. ಹೂವಿನ ತುದಿ ಸೇರದ ಎಲೆ ಮತ್ತು ಬೀಜ ಗಾಂಜಾದ ವ್ಯಾಖ್ಯೆಯಲ್ಲಿಲ್ಲ, 2022ರಲ್ಲಿ ಕರ್ನಾಟಕ ಹೈಕೋರ್ಟ್ ಭಂಗ್ ಕುರಿತ ಜಾಮೀನು ಆದೇಶವೊಂದರಲ್ಲಿ ಇದನ್ನು ಎತ್ತಿ ಹೇಳಿದೆ. ಆದರೆ ಯುರೋಪಿನ ಕ್ಲಬ್‌ಗಳಲ್ಲಿ ಸಿಗುವುದು ಹೂವೇ. ದೇಶದ ಹೊರಗೆ ನಡೆದ ಕೃತ್ಯವನ್ನು ಇಲ್ಲಿ ವಿಚಾರಣೆ ಮಾಡಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕಾದ್ದರಿಂದ ರಜೆಯಲ್ಲಿ ಸೇದಿ ಬಂದವರ ಮನೆ ಬಾಗಿಲಿಗೆ ಪೊಲೀಸರು ಬರುವ ಸಂಭವ ಕಡಿಮೆ ಎನ್ನಬಹುದು. ಹಾಗಿದ್ದರೂ ‘ನಾನು ಮೊದಲಿನಿಂದಲೂ ಸೇವಿಸುವವನು’ ಎಂದು ಬರೆದು, ಪಾಸ್‌ಪೋರ್ಟಿನ ಪ್ರತಿ ಲಗತ್ತಿಸಿ, ಕೆಳಗೆ ಸಹಿ ಮಾಡಿದ ಹಾಳೆ ಒಂದು ದೇಶದಲ್ಲಿ ರಕ್ಷಣೆಯ ದಾಖಲೆಯಾದರೆ ಇನ್ನೊಂದರಲ್ಲಿ ತಪ್ಪೊಪ್ಪಿಗೆಯಂತೆ ಓದಿಸಿಕೊಳ್ಳುತ್ತದೆ.

ಮೇಜಿನ ಆಚೆಯವರು ಆ ಹಾಳೆಯನ್ನು ಕಡತಕ್ಕೆ ಸೇರಿಸುತ್ತಾರೆ, ವರ್ಷದ ಚಂದಾ ಪಡೆದು ಕಾರ್ಡು ಕೊಡುತ್ತಾರೆ. ಪ್ರವಾಸಿ ನಾಲ್ಕನೆಯ ದಿನ ವಿಮಾನ ಹತ್ತುತ್ತಾನೆ. ಅವನು ಬರೆದುಕೊಟ್ಟ ತಿಂಗಳ ಅಂದಾಜು ಮುಂದಿನ ಬೆಳೆಯ ಲೆಕ್ಕಕ್ಕೆ ಹೋಗುತ್ತದೆ. ಅವನ ಹೆಸರಿನಲ್ಲಿ ನೆಟ್ಟ ಗಿಡ ಹೂ ಬಿಡುವ ಹೊತ್ತಿಗೆ ಆ ಹೋಟೆಲಿನ ಕೋಣೆಯಲ್ಲಿ ಎಷ್ಟೋ ಜನ ಬಂದು ಹೋಗಿರುತ್ತಾರೆ.