ಎಂಜಿನ್ ಮೇಲಿನ ಗಾಜು ತೆಗೆದು ಕಿಂಡಿ ಮುಚ್ಚಳ ಹಾಕಿಸಿದರೆ ಕಾರು ತಣ್ಣಗಾಗುತ್ತಾ?

ಓದುಗರ ಪ್ರಶ್ನೆ: "ನಾನಿರೋದು ಅರಿಜೋನಾದ ಫೀನಿಕ್ಸ್‌ನಲ್ಲಿ. 2021ರ ಷೆವರ್ಲೆ ಕಾರ್ವೆಟ್ ಸಿ8 ಇದೆ, ಎಂಜಿನ್ ಸೀಟಿನ ಹಿಂದೆ ಇರೋ ಸ್ಪೋರ್ಟ್ಸ್ ಕಾರು. ಬೇಸಿಗೆಯಲ್ಲಿ ಮನೆಗೆ ಬಂದು ಹಿಂದಿನ ಹ್ಯಾಚ್, ಅಂದ್ರೆ ಎಂಜಿನ್ ಮೇಲಿರೋ ಗಾಜಿನ ಮುಚ್ಚಳ ಎತ್ತಿದರೆ ಒಲೆ ಮುಂದೆ ಬಗ್ಗಿದ ಹಾಗೆ ಮುಖಕ್ಕೆ ಬಿಸಿ ಹೊಡೆಯುತ್ತೆ. ಗಾಜಿನ ಬದಲು ಕಿಂಡಿಗಳಿರೋ ಕಾರ್ಬನ್ ಫೈಬರ್ ಪ್ಯಾನೆಲ್ ಹಾಕಿಸಿ, ಎಂಜಿನ್ ತಣ್ಣಗಿರುತ್ತೆ ಅಂತ ಗೆಳೆಯರು ಹೇಳ್ತಾರೆ. ನಿಜಾನಾ? ಅಷ್ಟು ದುಡ್ಡು ಹಾಕಬಹುದಾ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ತಣ್ಣಗಾಗುವುದಿಲ್ಲ. ಎಂಜಿನ್ ಕೂತಿರುವ ಗೂಡು ತಣ್ಣಗಾಗುತ್ತದೆ. ಅದೂ ಕಾರು ಓಡುವಾಗಿಗಿಂತ ನಿಂತಾಗಲೇ ಜಾಸ್ತಿ.

ಎರಡೂ ಒಂದೇ ಅಲ್ವಾ ಅಂತ ಅನ್ನಿಸಬಹುದು. ಅಲ್ಲ. ಪೆಟ್ರೋಲು ಉರಿದಾಗ ಬರುವ ಶಕ್ತಿಯಲ್ಲಿ ಸುಮಾರಾಗಿ ಮೂರರಲ್ಲಿ ಒಂದು ಪಾಲು ಮಾತ್ರ ಕಾರನ್ನು ಓಡಿಸುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಸೈಲೆನ್ಸರ್ ಮೂಲಕ ಹೊಗೆಯ ಜೊತೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲು ಕೂಲೆಂಟ್ ನೀರಿಗೆ. ನಿಮ್ಮ ಕಾರಿನ 6.2 ಲೀಟರ್ ವಿ8 ಎಂಜಿನ್ ಬೆನ್ನ ಹಿಂದೆ ಇದ್ದರೂ ಆ ನೀರನ್ನು ಆರಿಸುವ ಮುಖ್ಯ ರೇಡಿಯೇಟರ್‌ಗಳು ಇರುವುದು ಮುಂದಿನ ಬಂಪರಿನ ಹಿಂದೆ, ಎಡಕ್ಕೊಂದು ಬಲಕ್ಕೊಂದು. ಬಿಸಿ ನೀರು ಪೈಪಿನಲ್ಲಿ ಮುಂದಕ್ಕೆ ಹೋಗಿ, ಅಲ್ಲಿ ಆರಿ, ವಾಪಸ್ ಬರುತ್ತದೆ. ಹಿಂದೆ ಗಾಜಿದ್ದರೇನು, ಜಾಲರಿ ಇದ್ದರೇನು, ಆ ನೀರಿಗೆ ಗೊತ್ತೂ ಆಗುವುದಿಲ್ಲ. ಜೊತೆಗೆ ಥರ್ಮೋಸ್ಟಾಟ್ ಇದೆ. ನೀರು ತೀರಾ ತಣ್ಣಗಾಗಲು ಅದೇ ಬಿಡುವುದಿಲ್ಲ. ಹಾಗಾಗಿ ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಕೂಲೆಂಟ್ ಮುಳ್ಳು ಇಳಿಯಲಿ ಅಂತ ಪ್ಯಾನೆಲ್ ಹಾಕಿಸುವುದಾದರೆ, ದುಡ್ಡು ದಂಡ.

ಹಾಗಾದರೆ ಮುಖಕ್ಕೆ ಹೊಡೆದ ಆ ಬಿಸಿ ಯಾವುದು? ಎಂಜಿನ್ನಿನಿಂದ ಹೊಗೆ ಹೊರಡುವ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಆ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಎಂಜಿನ್ ಬ್ಲಾಕು ಸುತ್ತಲಿನ ಗಾಳಿಗೆ ಕೊಟ್ಟ ಬಿಸಿ. ಕಾರು ಓಡುವಾಗ ಕೆಳಗಿನಿಂದ, ಪಕ್ಕದಿಂದ ಗಾಳಿ ನುಗ್ಗಿ ಇದನ್ನು ಅಷ್ಟಿಷ್ಟು ಹೊತ್ತೊಯ್ಯುತ್ತದೆ. ಕೀ ಆಫ್ ಮಾಡಿದ ಕ್ಷಣ ಎಲ್ಲ ನಿಲ್ಲುತ್ತದೆ. ನೀರು ಸುತ್ತುವುದಿಲ್ಲ, ಗಾಳಿ ಹರಿಯುವುದಿಲ್ಲ. ಆದರೆ ಅಷ್ಟೊಂದು ಕಬ್ಬಿಣ, ಅಲ್ಯೂಮಿನಿಯಂ ಕಾದೇ ಇರುತ್ತದೆ. ಎಂಜಿನ್ ಆಫ್ ಮಾಡಿದ ಮೇಲೆ ಗೂಡಿನ ಬಿಸಿ ಇಳಿಯುವ ಬದಲು ಕೆಲವು ನಿಮಿಷ ಏರುತ್ತಲೇ ಹೋಗುತ್ತದೆ. ಇದಕ್ಕೆ ಮೆಕ್ಯಾನಿಕ್‌ಗಳು ಹೀಟ್ ಸೋಕ್ ಅನ್ನುತ್ತಾರೆ. ಅನ್ನ ಇಳಿಸಿದ ಮೇಲೂ ಮುಚ್ಚಳದ ಕೆಳಗೆ ಬೇಯುತ್ತಲೇ ಇರುತ್ತದಲ್ಲ, ಹಾಗೆ.

ಇದರಿಂದ ಕೆಡುವುದು ಎಂಜಿನ್ ಅಲ್ಲ. ಅದರ ಸುತ್ತಲಿನ ಸಣ್ಣಪುಟ್ಟ ಸಾಮಾನು. ರಬ್ಬರ್ ಹೋಸು, ವೈರಿನ ಮೇಲಿನ ಪದರ, ಸೆನ್ಸರು, ಇಗ್ನಿಷನ್ ಕಾಯಿಲು. ಏಳೆಂಟು ವರ್ಷ ಬೆಂದ ವೈರ್ ಕನೆಕ್ಟರಿನ ಕ್ಲಿಪ್ಪನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಹಪ್ಪಳದ ಹಾಗೆ ಪಟ್ ಅಂತ ಮುರಿಯುತ್ತದೆ. ಅರ್ಧ ಕೈಯಲ್ಲಿ ಉಳಿಯುತ್ತದೆ, ಇನ್ನರ್ಧ ಕೈಗೆ ಸಿಗದ ಜಾಗಕ್ಕೆ ಬೀಳುತ್ತದೆ. ಕಿಂಡಿ ಮುಚ್ಚಳದ ನಿಜವಾದ ಪ್ರಯೋಜನ ಇಲ್ಲಿ.

ಅದು ಕೆಲಸ ಮಾಡುವುದು ಹಳೇ ಅಡುಗೆಮನೆಯ ಹೊಗೆಗೂಡಿನ ಹಾಗೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.16 ಕಿಲೋ ತೂಗುತ್ತದೆ. ಅದೇ ಗಾಳಿ 100 ಡಿಗ್ರಿಗೆ ಕಾದರೆ 0.95 ಕಿಲೋ. ಹಗುರಾದದ್ದು ತಾನಾಗಿಯೇ ಮೇಲಕ್ಕೆ ಏಳುತ್ತದೆ, ದಾರಿ ಬಿಟ್ಟರೆ ಸಾಕು. ಆದರೆ ಹೊಗೆಗೂಡಿಗೆ ಕೆಳಗಿನಿಂದಲೂ ಗಾಳಿ ಬರಬೇಕು. ಎಂಜಿನ್ ಕೆಳಗೆ ಪೂರ್ತಿ ಮುಚ್ಚಿದ ಅಂಡರ್‌ಟ್ರೇ ಹಾಕಿಸಿಕೊಂಡು ಮೇಲೆ ಮಾತ್ರ ಕಿಂಡಿ ಕೊರೆಸಿದರೆ ಅರ್ಧ ಕೆಲಸವೂ ಆಗುವುದಿಲ್ಲ.

ನಿಮ್ಮ ಕಾರಿನ ಗಾಜು ಸುಮ್ನೆ ಮುಚ್ಚಿಟ್ಟ ಗಾಜಲ್ಲ ಅನ್ನುವುದನ್ನೂ ಹೇಳಬೇಕು. ಅದು 3.2 ಮಿಲಿಮೀಟರ್ ದಪ್ಪದ ಹಾಳೆ. ಬಿಸಿ ಹೊರಗೆ ಹೋಗಲು ಅದರ ಅಂಚಿನಲ್ಲಿ ಕಂಪನಿಯೇ ಸಂದು ಬಿಟ್ಟಿದೆ. ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಅಂದರೆ ನೀವು ಕೇಳುತ್ತಿರುವುದು ಕಿಂಡಿ ಬೇಕಾ ಅಂತಲ್ಲ, ಇರುವ ಕಿಂಡಿ ಸಾಲದಾ ಅಂತ.

ಓಡುವ ಕಾರಿನ ವಿಷಯ ಬೇರೆ. ಬಹಳ ಜನ ಎಡವುವುದು ಇಲ್ಲೇ. ಗಾಳಿ ಚಾವಣಿ ದಾಟುವಾಗ ವೇಗ ಹೆಚ್ಚಿಸಿಕೊಳ್ಳುತ್ತದೆ, ಅಲ್ಲಿ ಒತ್ತಡ ಕಡಿಮೆ. ಹಿಂದಿನ ಇಳಿಜಾರಿನಲ್ಲಿ ಬರುತ್ತಾ ಬರುತ್ತಾ ನಿಧಾನವಾಗುತ್ತದೆ, ಒತ್ತಡ ಏರುತ್ತದೆ. ಕಾರಿನ ಬಾಲದ ಮೇಲಿರುವ ರೆಕ್ಕೆಯಂಥ ಪಟ್ಟಿ, ಅಂದರೆ ಸ್ಪಾಯ್ಲರ್ ಹತ್ತಿರ ಬರುವ ಹೊತ್ತಿಗೆ ಸಾಕಷ್ಟು ಏರಿರುತ್ತದೆ. ಹಾಗಾಗಿ ಇಳಿಜಾರಿನ ಮೇಲ್ಭಾಗದಲ್ಲಿ, ಚಾವಣಿಯ ಅಂಚಿನ ಹತ್ತಿರ ಕೊರೆದ ಕಿಂಡಿ ಒಳಗಿನ ಬಿಸಿಯನ್ನು ಹೀರಿ ಹೊರಗೆ ಹಾಕುತ್ತದೆ. ಅದೇ ಕಿಂಡಿಯನ್ನು ಸ್ಪಾಯ್ಲರ್ ಪಕ್ಕ ಕೊರೆದರೆ ಹೊರಗಿನ ಗಾಳಿ ಒಳಗೆ ನುಗ್ಗಬಹುದು, ಧೂಳು ಮಳೆ ಸಮೇತ. ಕಿಂಡಿಯ ಪಟ್ಟಿಗಳ ಬಾಯಿ ಹಿಂದಕ್ಕಿರಬೇಕು. ಮುಂದಕ್ಕೆ ಬಾಯಿ ತೆರೆದ ಸ್ಕೂಪ್ ನೋಡಲು ಚೆಂದ. ಬಿಸಿ ಹೊರಗೆ ಹಾಕಲು ಅದು ತಿರುವುಮುರುವು.

ಮಾರುವವರು ಫೋಟೋ ತೋರಿಸುತ್ತಾರೆ, ಒತ್ತಡದ ಲೆಕ್ಕ ತೋರಿಸುವುದಿಲ್ಲ. ನೀವೇ ನೋಡಿಕೊಳ್ಳಬಹುದು. ಹತ್ತು ಸೆಂಟಿಮೀಟರ್ ಉದ್ದದ ಕೆಂಪು ಉಲ್ಲನ್ ದಾರದ ತುಂಡುಗಳನ್ನು ಈಗಿನ ಗಾಜಿನ ಮೇಲೆ ಸಾಲಾಗಿ ಟೇಪು ಹಾಕಿ ಅಂಟಿಸಿ. ಅಂಚಿನ ಸಂದಿನ ಬಾಯಿಗೂ ನಾಲ್ಕು ಅಂಟಿಸಿ. ಖಾಲಿ ರಸ್ತೆಯಲ್ಲಿ ಪಕ್ಕದ ಕಾರಿನಿಂದ ಗೆಳೆಯರೊಬ್ಬರು ವಿಡಿಯೋ ತೆಗೆಯಲಿ. ದಾರ ನೇರ ಹಿಂದಕ್ಕೆ ಮಲಗಿದ್ದರೆ ಗಾಳಿ ಮೈಗಂಟಿ ಹರಿಯುತ್ತಿದೆ. ಹುಚ್ಚೆದ್ದು ಸುತ್ತುತ್ತಿದ್ದರೆ ಅಲ್ಲಿ ಗಾಳಿ ಮೈಬಿಟ್ಟಿದೆ. ಸಂದಿನ ದಾರ ಒಳಗೆ ಎಳೆಯುತ್ತಿದೆಯೋ ಹೊರಗೆ ಚಿಮ್ಮುತ್ತಿದೆಯೋ ನೋಡಿ. ಐದು ಡಾಲರ್ ಕೂಡ ಆಗದ ಈ ಪರೀಕ್ಷೆ ಮಾಡಿದ ಮೇಲೆ ಎಷ್ಟೋ ಜನ ಪ್ಯಾನೆಲ್ ಆಸೆ ಬಿಟ್ಟಿರುವುದನ್ನು ನಾನು ಕಂಡಿದ್ದೇನೆ.

ಇದೇನು ಹೊಸ ತಲೆನೋವಲ್ಲ. 1966ರಲ್ಲಿ ಬಂದ ಲ್ಯಾಂಬೋರ್ಗಿನಿ ಮಿಯುರಾದಲ್ಲಿ ಬರ್ಟೋನೆ ಸ್ಟುಡಿಯೋದ ಮಾರ್ಚೆಲ್ಲೊ ಗಾಂದಿನಿ ಎಂಜಿನ್ ಮೇಲೆ ಗಾಜಿನ ಬದಲು ಕಪ್ಪು ಪಟ್ಟಿಗಳನ್ನೇ ಅಡ್ಡಡ್ಡ ಜೋಡಿಸಿದರು. 1987ರ ಫೆರಾರಿ ಎಫ್40ಯಲ್ಲಿ ಪ್ಲಾಸ್ಟಿಕ್ ಕಿಟಕಿಯಲ್ಲೇ ಸಾಲಾಗಿ ಸೀಳು ಕೊಟ್ಟರು. ಹೊಗೆಯ ರಭಸದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಎರಡಿದ್ದ ಎಂಜಿನ್, ಬೇರೆ ದಾರಿ ಇರಲಿಲ್ಲ. 2019ರ ಎಫ್8 ಟ್ರಿಬ್ಯೂಟೊದ ಹಿಂಗಾಜಿನಲ್ಲಿ ಅದೇ ಸೀಳುಗಳು ಮತ್ತೆ ಬಂದವು. ನಿಮಗೆ ಇದೆಲ್ಲಕ್ಕಿಂತ ಹತ್ತಿರದ ಸಾಕ್ಷಿ ನಿಮ್ಮ ಕಾರಿನ ದೊಡ್ಡಣ್ಣ, 2025ರ ಝಡ್ಆರ್1. ಅದರ 5.5 ಲೀಟರ್ ಎಂಜಿನ್‌ಗೆ ಎರಡು ಟರ್ಬೊ ಸೇರಿಸಿ 1,064 ಹಾರ್ಸ್‌ಪವರ್ ಮಾಡಿದಾಗ ಷೆವರ್ಲೆಯವರು ಕೂಪೆಯ ಹಿಂದಿನ ಗಾಜನ್ನು ಎರಡು ಹೋಳು ಮಾಡಿ, ನಡುವೆ ಕಾರ್ಬನ್ ಫೈಬರ್ ಬೆನ್ನೆಲುಬು ಕೂರಿಸಿದರು. 1963ರ ಕಾರ್ವೆಟ್ ಆದಮೇಲೆ ಒಡೆದ ಗಾಜು ಮತ್ತೆ ಬಂದದ್ದು ಇದೇ ಮೊದಲು. ಚೆಂದಕ್ಕಷ್ಟೇ ಅಲ್ಲ, ಎಂಜಿನ್ ಗೂಡಿನ ಬಿಸಿ ಹೊರಹಾಕಲೂ ಅದು ನೆರವಾಗುತ್ತದೆ ಅಂತ ಕಂಪನಿಯೇ ಹೇಳಿದೆ. 495 ಹಾರ್ಸ್‌ಪವರಿನ, ಟರ್ಬೊ ಇಲ್ಲದ ನಿಮ್ಮ ಕಾರಿಗೆ ಅವರೇ ಅಂಚಿನ ಸಂದು ಸಾಕು ಅಂದುಕೊಂಡಿದ್ದರು ಅನ್ನುವುದನ್ನೂ ಮರೆಯಬೇಡಿ.

ಇದನ್ನು ಓದುತ್ತಿರುವ ಪೋರ್ಷೆ ಕೇಮನ್ ಮಾಲೀಕರಿಗೆ ಒಂದು ಮಾತು. ನಿಮ್ಮ ಹ್ಯಾಚ್ ಗಾಜಿನ ಕೆಳಗೆ ಇರುವುದು ಲಗೇಜು ಇಡುವ ಜಾಗ, ಎಂಜಿನ್ ಅಲ್ಲ. ಎಂಜಿನ್ ಕಾರ್ಪೆಟ್ಟು, ಮುಚ್ಚಳಗಳ ಅಡಿಯಲ್ಲಿ ಬೇರೆಯೇ ಗೂಡಿನಲ್ಲಿದೆ. ಅಲ್ಲಿ ಕಿಂಡಿ ಕೊರೆಸಿದರೆ ತಣ್ಣಗಾಗುವುದು ನಿಮ್ಮ ಬ್ಯಾಗು.

ಇನ್ನು ಮಳೆ. ಅಮೆರಿಕದಲ್ಲಿದ್ದಾಗ ನನ್ನ ಹತ್ತಿರ ಹಳೇ ಟೊಯೊಟಾ ಎಂಆರ್2 ಇತ್ತು, 90ರ ದಶಕದ್ದು, ಅದರಲ್ಲೂ ಎಂಜಿನ್ ಸೀಟಿನ ಹಿಂದೆಯೇ. ಅಗ್ಗಕ್ಕೆ ಸಿಕ್ಕಿತು ಅಂತ ದೊಡ್ಡ ದೊಡ್ಡ ಕಿಂಡಿಗಳಿದ್ದ ಫೈಬರ್‌ಗ್ಲಾಸ್ ಮುಚ್ಚಳ ತರಿಸಿ ಹಾಕಿದೆ. ಕಂಪನಿ ಮುಚ್ಚಳದಲ್ಲಿ ಕಿಂಡಿಯ ಕೆಳಗೆ ನೀರು ಹಿಡಿದು ಪಕ್ಕಕ್ಕೆ ಬಿಡುವ ತಟ್ಟೆ ಇತ್ತು. ಇದರಲ್ಲಿ ಇರಲಿಲ್ಲ. ನಾನೂ ನೋಡಲಿಲ್ಲ. ಒಂದು ರಾತ್ರಿ ಜೋರು ಮಳೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಾರು ಆಟೋರಿಕ್ಷಾದ ಹಾಗೆ ಕುಂಟಿತು. ಸ್ಪಾರ್ಕ್ ಪ್ಲಗ್ ಕೂರುವ ಗುಂಡಿಗಳನ್ನು ಬಿಚ್ಚಿ ನೋಡಿದರೆ ಎರಡರಲ್ಲಿ ನೀರು. ಅಡುಗೆಮನೆಯಿಂದ ಹೀರುಗೊಳವೆ ತಂದು, ನೀರು ಎಳೆದು, ಹೇರ್ ಡ್ರೈಯರ್ ಹಿಡಿದು ಒಣಗಿಸುವಷ್ಟರಲ್ಲಿ ಆಫೀಸಿಗೆ ಹೋಗುವ ಹೊತ್ತು ಮೀರಿತ್ತು. ಮಾರಿದವನಿಗೆ ಬರೆದರೆ, ಇದು ರೇಸಿಗೆ ಮಾಡಿದ್ದು, ಮಳೆಗಲ್ಲ ಅಂದ. ಫೀನಿಕ್ಸ್‌ನಲ್ಲಿ ಮಳೆ ಕಡಿಮೆ, ಸರಿ. ಆದರೆ ಕಾರು ತೊಳೆಯುವ ಪ್ರೆಷರ್ ಪೈಪು ಅಲ್ಲೂ ಇದೆಯಲ್ಲ. ಜುಲೈ, ಆಗಸ್ಟಿನ ಧೂಳು ಬಿರುಗಾಳಿಯೂ ಇದೆ. ಮಂಗಳೂರಿನ ಕಡೆ ಯಾರಾದರೂ ಇಂಥದ್ದನ್ನು ಯೋಚಿಸುತ್ತಿದ್ದರೆ, ತಟ್ಟೆ ಇಲ್ಲದ ಮುಚ್ಚಳವನ್ನು ಮುಟ್ಟಲೇಬೇಡಿ.

ಕೊಳ್ಳುವುದೇ ಆದರೆ ಮೊದಲು ಯಾವುದರಿಂದ ಮಾಡಿದ್ದು ಅಂತ ಕೇಳಿ. ಎಬಿಎಸ್ ಪ್ಲಾಸ್ಟಿಕ್ ಸುಮಾರು 105 ಡಿಗ್ರಿಗೆ ಮೆತ್ತಗಾಗುತ್ತದೆ. ಪಾಲಿಕಾರ್ಬೊನೇಟ್ 145 ದಾಟುವವರೆಗೂ ತಡೆಯುತ್ತದೆ. ಕಾರ್ಬನ್ ಫೈಬರ್ ಅಂದ ಕೂಡಲೇ ಬಿಸಿಗೆ ಜಗ್ಗುವುದಿಲ್ಲ ಅಂತ ನಂಬಬೇಡಿ. ನೂಲು ಜಗ್ಗುವುದಿಲ್ಲ, ಅದನ್ನು ಹಿಡಿದಿರುವ ರಾಳ ಜಗ್ಗುತ್ತದೆ. ಒಲೆಯಲ್ಲಿ ಬೇಯಿಸದೆ ಸುಮ್ನೆ ಶೆಡ್ಡಿನಲ್ಲಿ ಆರಿಸಿದ ಅಗ್ಗದ ಎಪಾಕ್ಸಿ ರಾಳ, ನೀರು ಕುದಿಯುವ ಬಿಸಿಯನ್ನೂ ತಾಳದೆ ಸೊಟ್ಟಗಾಗಬಹುದು. ಮೇಲೆ ಬಿಸಿಲು ತಡೆಯುವ ಲೇಪ ಇಲ್ಲದಿದ್ದರೆ ಅರಿಜೋನಾ ಬಿಸಿಲಿಗೆ ಹಳದಿ ತಿರುಗುತ್ತದೆ.

ಯಾರೂ ಹೇಳದ ಇನ್ನೊಂದು ಸಂಗತಿ ಹ್ಯಾಚ್ ಎತ್ತುವ ಗ್ಯಾಸ್ ಸ್ಟ್ರಟ್. ಅದರ ಬಲ ಗಾಜಿನ ತೂಕಕ್ಕೆ ಲೆಕ್ಕ ಹಾಕಿ ಇಟ್ಟದ್ದು. ಗಾಜು ತೆಗೆದು ಹಗುರ ಪ್ಯಾನೆಲ್ ಹಾಕಿದರೆ ಬೀಗ ಬಿಟ್ಟ ತಕ್ಷಣ ಅದು ಚಿಮ್ಮಿ ಏಳುತ್ತದೆ. ನಾಲ್ಕು ಸಲ ಚಿಮ್ಮಿದರೆ ಕೀಲಿನ ಹತ್ತಿರ ಬಿರುಕು. ಬೀಗವೂ ಗಟ್ಟಿ ಇರಬೇಕು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರು ಗಾಳಿಯ ಒತ್ತಡ ಸುಮಾರು 460 ಪಾಸ್ಕಲ್. 200ರಲ್ಲಿ ಎರಡರಷ್ಟಲ್ಲ, ನಾಲ್ಕರಷ್ಟು, 1,850. ಅದರ ಅರ್ಧದಷ್ಟು ವ್ಯತ್ಯಾಸ ಮುಚ್ಚಳದ ಒಳಗಿಗೂ ಹೊರಗಿಗೂ ಇದ್ದರೆ, ಒಂದು ಚದರ ಮೀಟರ್ ಪ್ಯಾನೆಲನ್ನು 90 ಕಿಲೋಗೂ ಹೆಚ್ಚು ಬಲ ಮೇಲಕ್ಕೆ ಎಳೆಯುತ್ತಿರುತ್ತದೆ. ದೊಡ್ಡಾಳೊಬ್ಬ ಕೆಳಗಿನಿಂದ ಭುಜ ಕೊಟ್ಟು ಎತ್ತುತ್ತಿದ್ದ ಹಾಗೆ. ಡಬಲ್ ಟೇಪಿನಿಂದ ನಿಂತಿರುವ ಪ್ಯಾನೆಲ್ ಆಗಿದ್ದರೆ ಹಿಂದೆ ಬರುವವರ ಗತಿ ಯೋಚಿಸಿ.

ಬ್ರೇಕ್ ದೀಪವನ್ನೂ ನೋಡಿ. ಅಮೆರಿಕದಲ್ಲಿ 1986ರ ಮಾಡೆಲ್‌ನಿಂದ ಕಾರುಗಳಿಗೆ ನಡುವಿನ ಮೂರನೇ ಬ್ರೇಕ್ ದೀಪ ಕಡ್ಡಾಯ. ಹೊಸ ಪ್ಯಾನೆಲಿನ ಪಟ್ಟಿ ಅದನ್ನು ಮರೆ ಮಾಡಬಾರದು. ವಾರಂಟಿ ಬಗ್ಗೆ ಅಷ್ಟು ಹೆದರಬೇಕಿಲ್ಲ. ಹೊರಗಿನ ಸಾಮಾನು ಹಾಕಿಸಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸುವುದಕ್ಕೆ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಅಡ್ಡ ಬರುತ್ತದೆ. ಆದರೆ ಕಿಂಡಿಯಿಂದ ಇಳಿದ ನೀರೇ ಕಾಯಿಲನ್ನು ಕೆಡಿಸಿತು ಅಂತ ಅವರು ತೋರಿಸಿದರೆ ಖರ್ಚು ನಿಮ್ಮದೇ.

ನಿಮ್ಮ ವಿಷಯಕ್ಕೆ ನನ್ನ ಸಲಹೆ: ಟ್ರ್ಯಾಕಿಗೆ ಹೋಗುವವರಾಗಿದ್ದರೆ, ಇಲ್ಲವೇ ಎಂಜಿನ್‌ಗೆ ಟರ್ಬೊ ಹಾಕಿಸಿದ್ದರೆ, ಒಳ್ಳೆಯ ಕಿಂಡಿ ಮುಚ್ಚಳಕ್ಕೆ ಅರ್ಥ ಇದೆ. ಆಫೀಸಿಗೆ ಹೋಗಿ ಬರುವ ಕಾರಿಗೆ ಈಗಲೇ ಬೇಡ. ಮೊದಲು ತಂತಿ ಪ್ರೋಬ್ ಇರುವ ಕೆ-ಟೈಪ್ ಥರ್ಮಾಮೀಟರ್ ಒಂದು ತಗೊಳ್ಳಿ. ಅದರ ತುದಿಯನ್ನು ಎಂಜಿನ್ ಮೇಲೆ, ಯಾವುದಾದರೂ ವೈರ್ ಕನೆಕ್ಟರ್ ಪಕ್ಕ ಕಟ್ಟಿ. ಒಂದು ವಾರ ಮನೆಗೆ ಬಂದ ಮೇಲೆ ಹ್ಯಾಚ್ ಮುಚ್ಚಿಟ್ಟು ಕಾಲು ಗಂಟೆ ನಿಮಿಷಕ್ಕೊಂದು ಸಲ ಬರೆದುಕೊಳ್ಳಿ. ಮುಂದಿನ ವಾರ ಗ್ಯಾರೇಜಿನಲ್ಲಿ ಹ್ಯಾಚ್ ಪೂರ್ತಿ ಎತ್ತಿಟ್ಟು ಬರೆದುಕೊಳ್ಳಿ. ಪೂರ್ತಿ ತೆರೆದ ಹ್ಯಾಚಿಗಿಂತ ದೊಡ್ಡ ಕಿಂಡಿಯನ್ನು ಯಾವ ಪ್ಯಾನೆಲೂ ಕೊಡಲಾರದು. ಅಲ್ಲಿ ಕಾಣುವ ವ್ಯತ್ಯಾಸವೇ ಕಡಿಮೆ ಇದ್ದರೆ, ಕಿಂಡಿ ಮುಚ್ಚಳ ಅದಕ್ಕಿಂತಲೂ ಕಡಿಮೆ ಕೊಡುತ್ತದೆ. ವ್ಯತ್ಯಾಸ ಜಾಸ್ತಿ ಇದ್ದರೆ ದಿನಾ ಹದಿನೈದು ನಿಮಿಷ ಎತ್ತಿಡಿ, ಖರ್ಚಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಮಾತ್ರ ಮುಚ್ಚುವ ಮುಂಚೆ ಒಂದು ಸಲ ಬಗ್ಗಿ ನೋಡಿ.